ಒಂಬತ್ತು ಹನ್ನೆರಡಕ್ಕೆ ಒತ್ತಿದ ಸೊನ್ನೆ

ಆಗಸ್ಟ್ ಹದಿನಾಲ್ಕು, ಬೆಳಿಗ್ಗೆ ಹತ್ತೂ ಇಪ್ಪತ್ತು. ಭರೂಚ್ ಜಿಲ್ಲೆಯ ಕೈಗಾರಿಕಾ ವಸಾಹತಿನ ಪೊಲೀಸ್ ಠಾಣೆಗೆ ಸೂಕಿಬೆನ್ ವಸಾವಾ ಎಂಬ ಹೆಂಗಸು ಬಂದು ದೂರು ಕೊಡಬೇಕೆಂದಳು. ಜುಲೈ ಆರರಂದು ಬಣ್ಣದ ಕಾರ್ಖಾನೆಯೊಂದರಲ್ಲಿ ದ್ರಾವಕದ ಟ್ಯಾಂಕು ತೊಳೆಯಲು ಇಳಿದಿದ್ದ ಅವಳ ಗಂಡ ಛಗನ್ ಹೆಣವಾಗಿ ಮೇಲೆ ಬಂದಿದ್ದ.

“ಯಾರ ಮೇಲೆ ದೂರು?” ಇನ್‌ಸ್ಪೆಕ್ಟರ್ ಕರಸನ್ ಗಢವಿ ಕೇಳಿದ.

“ಮೊದಲು ನಿಮ್ಮ ಮೇಲೇನೇ ಸಾಹೇಬ. ನನ್ನ ಗಂಡ ಕುಡಿದಿದ್ದ ಅಂತ ಬರೆದೋರು ನೀವು ತಾನೆ?”

ಹೌದು, ಬರೆದಿದ್ದ. ‘ಮದ್ಯದ ಅಮಲಿನಲ್ಲಿ ಏಣಿಯಿಂದ ಜಾರಿ ಬಿದ್ದು’ ಎಂಬ ಸಾಲಿನ ಕೆಳಗೆ ಅವನದೇ ಸಹಿಯಿತ್ತು. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವನಲ್ಲ ತಾನು ಎಂದು ಗಢವಿ ಬೀಗುತ್ತಿದ್ದುದುಂಟು. ಆದರೆ ಕಾರ್ಖಾನೆಯವರು ಈಯಿತೆಂದರು, ಇವನು ಕಟ್ಟಿದ. ಪಾನನಿಷೇಧದ ನಾಡಿನಲ್ಲಿ ಕುಡಿದು ಸತ್ತವನು ಸತ್ತ ಮೇಲೂ ಅಪರಾಧಿಯೇ. ಠಾಣೆಯ ಜೀಪು ಅವರ ಓಣಿಗೆ ಹೋಗಿ, ಹೆಂಡ ಎಲ್ಲಿಂದ ತರುತ್ತಿದ್ದ ಎಂದು ಮನೆಮನೆಯಲ್ಲೂ ಕೇಳಿತ್ತು.

“ಅವನು ಹೆಂಡ ಬಿಟ್ಟ ಭಗತ, ಸಾಹೇಬ. ಹದಿನೇಳು ವರ್ಷದಿಂದ ಕೊರಳಲ್ಲಿ ತುಳಸಿ ಮಣಿಯ ಕಂಠಿ. ಕಂಠಿ ಕಟ್ಟಿಕೊಂಡು ಕದ್ದು ಕುಡೀತಿದ್ದ ಅಂತ ಭಜನೆಯೋರು ಹನ್ನೆರಡನೇ ದಿನಕ್ಕೂ ಬರಲಿಲ್ಲ. ಸತ್ತಿದ್ದು ಸತ್ತ. ಆ ಮಾತು ಮಾತ್ರ ತೆಗೀರಿ.”

ಮಹಿಳಾ ಕಾನ್‌ಸ್ಟೇಬಲ್ ಕೋಕಿಲಾ ರಾಠವಾ ಕಾಗದದ ರಾಶಿಯಿಂದ ಪ್ರಯೋಗಾಲಯದ ಲಕೋಟೆಯೊಂದನ್ನು ಎಳೆದು ಮೇಜಿನ ಮೇಲಿಟ್ಟಳು. ಬಂದು ಒಂಬತ್ತು ದಿನವಾಗಿದ್ದರೂ ಯಾರೂ ಒಡೆದಿರಲಿಲ್ಲ. ಗಢವಿ ಒಡೆದು ಓದಿದ. ರಕ್ತದಲ್ಲಿ ಮದ್ಯ ಇರಲಿಲ್ಲ. ದ್ರಾವಕದ ಆವಿ ಮಾತ್ರ ಆಳು ಸಾಯುವಷ್ಟಿತ್ತು. ಆ ಹೆಂಗಸಿನ ಮುಖ ನೋಡಲು ಅವನಿಗೆ ನಾಚಿಕೆಯಾಯಿತು. ಹನ್ನೊಂದು ಐದಕ್ಕೆ, ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಕಾರ್ಖಾನೆಯಲ್ಲಿ ಪಂಚನಾಮೆ ನಡೆಯಿತು. ಟ್ಯಾಂಕಿಗೆ ಇಳಿಯುವ ಮುಂಚೆ ಆವಿ ಅಳೆದ ಕೈಯಂತ್ರವನ್ನು ಇಬ್ಬರು ಪಂಚರೆದುರು ವಶಕ್ಕೆ ಪಡೆದರು. ಇಟ್ಟಿಗೆಗಿಂತ ಚಿಕ್ಕದು, ಮೂತಿಗೆ ಉದ್ದನೆಯ ಕೊಳವೆ. ಅದನ್ನು ನೋಡಿಕೊಳ್ಳುವ ಉಪಕರಣ ವಿಭಾಗದ ಹೀರಲ್ ಕಂಸಾರಾ ಪಾಠ ಹೇಳಿದಳು.

“ಒಳಗೊಂದು ನೇರಳಾತೀತ ದೀಪ ಇದೆ ಸಾಹೇಬ. ಆ ಬೆಳಕು ಬಿದ್ದರೆ ಆವಿಯ ಕಣ ಒಡೆದು ಚೂರು ವಿದ್ಯುತ್ ಹುಟ್ಟುತ್ತೆ. ಅದನ್ನೇ ಅಂಕಿ ಮಾಡಿ ತೋರಿಸುತ್ತೆ. ದೀಪದ ಗಾಜನ್ನ ಸ್ಪಿರಿಟ್ ಹತ್ತಿಯಲ್ಲೇ ಒರೆಸ್ಬೇಕು, ಬೆರಳು ತಾಗಿಸಬಾರದು. ದಿನಾ ಬೆಳಿಗ್ಗೆ ಶುದ್ಧ ಗಾಳಿಯಲ್ಲಿ ಸೊನ್ನೆ ಕೂರಿಸಿ, ಆಮೇಲೆ ಸಣ್ಣ ಸಿಲಿಂಡರಿನ ಅನಿಲ ಕೊಟ್ಟು ಸರಿ ತೋರಿಸುತ್ತಾ ನೋಡ್ತೀವಿ.”

“ಅವತ್ತು ನೋಡಿದ್ರಾ?”

“ಎಂಟೂ ನಲವತ್ತಕ್ಕೆ ನಾನೇ ನೋಡಿ ಮೇಸ್ತ್ರಿ ಭೀಖುಕಾಕಾ ಕೈಗೆ ಕೊಟ್ಟೆ.”

“ಆಮೇಲೆ ಅದು ಮಾಡಿದ್ದೆಲ್ಲ ಇದರಲ್ಲೇ ಇರುತ್ತಾ?”

ಇರುತ್ತಿತ್ತು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೆ. ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದ ಹೀರಲ್ ಪರದೆಯ ಸಾಲುಗಳನ್ನು ಬೆರಳಿಟ್ಟು ಓದಿದಳು. ಜುಲೈ ಆರರಂದು ಒಂಬತ್ತು ಹನ್ನೊಂದಕ್ಕೆ ಆವಿಯ ಅಂಕಿ ಎರಡು ಸಾವಿರದ ನಾನೂರು. ಒಂಬತ್ತು ಹನ್ನೆರಡಕ್ಕೆ ಹೊಸ ಸೊನ್ನೆ. ಒಂಬತ್ತು ಹದಿಮೂರಕ್ಕೆ ಎಂಟು.

“ಟ್ಯಾಂಕಿನ ಬಾಯಲ್ಲೇ ಸೊನ್ನೆ ಒತ್ತಿದ್ದಾರೆ ಸಾಹೇಬ. ಅಲ್ಲಿದ್ದ ವಿಷವನ್ನೇ ಶುದ್ಧ ಗಾಳಿ ಅಂತ ಯಂತ್ರಕ್ಕೆ ಹೇಳಿಕೊಟ್ಟ ಹಾಗೆ. ಆಮೇಲೆ ಅದಕ್ಕಿಂತ ಹೆಚ್ಚಿದ್ದರಷ್ಟೇ ತೋರಿಸುತ್ತೆ.”

ಭೀಖುಭಾಯಿ ಪಂಚಾಲ್‌ಗೆ ಐವತ್ತಾರು ವರ್ಷ. ಟ್ಯಾಂಕಿಗೆ ಇಳಿಯುವ ಅನುಮತಿ ಚೀಟಿಗೆ ಸಹಿ ಹಾಕಿದವನೂ ಅವನೇ, ಛಗನ್ ಕುಡಿದಿದ್ದ ಎಂದು ಹೇಳಿಕೆ ಕೊಟ್ಟವನೂ ಅವನೇ. ಈ ಯಂತ್ರಗಳು ಬರುವ ಮುಂಚೆ ಟ್ಯಾಂಕಿನ ಮುಚ್ಚಳ ಸರಿಸಿ, ಒಮ್ಮೆ ಮೂಸಿ, ಇದರಲ್ಲಿ ಇಂಥದ್ದು ಇಷ್ಟಿದೆ ಎಂದು ಹೇಳುತ್ತಿದ್ದವನು. ಅವನ ಮೂಗು ಹೂಂ ಅಂದರೆ ಆಳುಗಳು ಕಣ್ಣುಮುಚ್ಚಿ ಇಳಿಯುತ್ತಿದ್ದರು.

ಮರುದಿನ ಧ್ವಜಾರೋಹಣ. ಹದಿನಾರರಂದು ಮೊದಲು, ಟ್ಯಾಂಕಿನ ಹೊರಗೆ ಹಗ್ಗ ಹಿಡಿದು ಕಾವಲಿದ್ದ ಉಸ್ಮಾನ್ ದೀವಾನ್‌ನನ್ನು ಕರೆಸಿದರು.

“ವಾಸನೆ ಇತ್ತಾ?”

“ತಲೆ ಸಿಡೀತಿತ್ತು ಸಾಹೇಬ. ಛಗನ್ ಹೇಳ್ದ, ಕಾಕಾ, ಯಾಕೋ ಜೋರಾಗಿದೆ, ಇನ್ನಷ್ಟು ಹೊತ್ತು ಗಾಳಿ ಬಿಡೋಣ ಅಂತ. ಕಾಕಾ ಯಂತ್ರ ತೋರಿಸಿ, ‘ಎಂಟು ಅಂತಿದೆ, ನನಗಿಂತ ನಿನ್ನ ಮೂಗು ದೊಡ್ಡದಾ? ಮದುವಣಗಿತ್ತಿ ಹಾಗೆ ನಾಚಬೇಡ, ಇಳಿ’ ಅಂದ್ರು. ಎಲ್ಲರೂ ನಕ್ಕರು.”

“ನೀನು?”

“ನಾನೂ ನಕ್ಕೆ.” ಅವನು ತಲೆ ಎತ್ತಲಿಲ್ಲ.

ಹನ್ನೆರಡು ಗಂಟೆಗೆ ಭೀಖುಭಾಯಿ ಬಂದ. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಕೋಕಿಲಾ ಕೊಟ್ಟ ಚಹಾ.

“ಟ್ಯಾಂಕಿನ ಬಾಯಲ್ಲಿ ಸೊನ್ನೆ ಯಾಕೆ ಒತ್ತಿದ್ರಿ?”

“ಮಳೆಗಾಲ ಸಾಹೇಬ. ತೇವ ಹೊಕ್ಕರೆ ಈ ಯಂತ್ರ ಹುಚ್ಚುಹುಚ್ಚಾಗಿ ತೋರಿಸುತ್ತೆ. ಗಾಳಿ ಶುದ್ಧವಾಗೇ ಇತ್ತು.”

“ಹೇಗೆ ಗೊತ್ತು?”

“ನನ್ನನ್ನ ಕೇಳ್ತೀರಾ? ಈ ವಸಾಹತಿನಲ್ಲಿ ಯಾರನ್ನಾದರೂ ಕೇಳಿ.”

“ಛಗನ್ ಬಾಯಲ್ಲಿ ಹೆಂಡದ ವಾಸನೆ?”

“ಮೂರು ಮಾರು ದೂರಕ್ಕೆ ಹೊಡೀತಿತ್ತು.”

ಅಷ್ಟರಲ್ಲಿ ಹಿಂದಿನ ಕೋಣೆಯ ಒಲೆಯ ಮೇಲಿದ್ದ ಹಾಲು ತಳ ಹಿಡಿದು ಸೀದುಹೋಯಿತು. ಕೋಕಿಲಾ ಅಯ್ಯೋ ಎಂದು ಓಡಿದಳು. ಬರೆಯುತ್ತಿದ್ದ ಪೇದೆ ಕರವಸ್ತ್ರ ತೆಗೆದ. ಗಢವಿಯೂ ಮೂಗು ಮುಚ್ಚಿಕೊಂಡ. ಭೀಖುಭಾಯಿ ಮಾತ್ರ ಚಹಾಕ್ಕೆ ಉಫ್ ಎಂದು ಊದುತ್ತ, ಇವರೆಲ್ಲ ಯಾಕೆ ಹೀಗೆ ಕುಣಿಯುತ್ತಿದ್ದಾರೆಂದು ಮುಖಮುಖ ನೋಡುತ್ತಿದ್ದ.

ಗಢವಿ ನಿಧಾನಕ್ಕೆ ಕೈ ಇಳಿಸಿದ.

“ಭೀಖುಭಾಯಿ, ಈಗ ಏನು ವಾಸನೆ ಬರ್ತಿದೆ?”

ಅವನು ಲೋಟದೊಳಗೆ ನೋಡಿದ. “ಚಹಾದ್ದು,” ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

“ಎಷ್ಟು ದಿನದಿಂದ?”

“ಆ ದೊಡ್ಡ ಜಡ್ಡು ಬಂದಿತ್ತಲ್ಲ, ಊರೆಲ್ಲ ಬಾಗಿಲು ಹಾಕಿದ್ದು. ಆಗ ಹೋದದ್ದು ಬರಲೇ ಇಲ್ಲ. ಮನೆಯವಳಿಗೂ ಹೇಳಿಲ್ಲ. ದಾಲ್ ಹಳಸಿದ್ದರೂ ಚೆನ್ನಾಗಿದೆ ಅಂತ ಉಣ್ತೀನಿ.”

“ತಪ್ಪು ತಿಳ್ಕೊಂಡು ಒತ್ತಿದ್ರಿ. ಅದು ಒಂದು. ಸತ್ತವನು ಕುಡಿದಿದ್ದ ಅಂತ ಯಾಕೆ ಹೇಳಿದ್ರಿ?”

ಭೀಖುಭಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಹೆಣ ಮೇಲೆ ಬಂದಾಗ ಎಲ್ಲರೂ ನನ್ನ ಮೂಗನ್ನೇ ನೋಡ್ತಿದ್ರು ಸಾಹೇಬ. ಏನೋ ಒಂದು ವಾಸನೆ ಬಂತು ಅಂತ ಹೇಳಲೇಬೇಕಿತ್ತು.”

ಮೂರೂ ನಲವತ್ತಕ್ಕೆ ಬಂಧನವಾಯಿತು. ಅವನಿಗೆ ಛಗನ್ ಮೇಲೆ ದ್ವೇಷವಿರಲಿಲ್ಲ, ಲಾಭದ ಆಸೆಯೂ ಇರಲಿಲ್ಲ. ಗೊತ್ತಾಗುತ್ತಿಲ್ಲ ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ, ಅಷ್ಟೆ. ಹಾಗೆಂದು ಬೈಯಲು ಹೊರಟರೆ, ಲಕೋಟೆ ಒಡೆಯದೆ ಇಟ್ಟುಕೊಂಡ ಗಢವಿಯ ಠಾಣೆಗೂ ಬಾಯಿಲ್ಲ.

ಸಂಜೆ ಐದಕ್ಕೆ ಗಢವಿ, ಕೋಕಿಲಾ ತಿದ್ದುಪಡಿ ವರದಿಯ ಪ್ರತಿ ಹಿಡಿದು ಸೂಕಿಬೆನ್ ಮನೆಗೆ ಹೋದರು. ಅವಳು ಕಾಗದವನ್ನು ತೆಗೆದುಕೊಳ್ಳಲಿಲ್ಲ.

“ನನಗೆ ಓದಕ್ಕೆ ಬರಲ್ಲ.”

“ಒಳಗೆ ಕೂತು ಓದಿ ಹೇಳ್ತೀನಿ ಬೆನ್.”

“ಒಳಗೆ ಬೇಡ ಸಾಹೇಬ. ಅವತ್ತು ನಿಮ್ಮೋರು ಓಣಿಯಲ್ಲಿ ನಿಂತು ಕೇಳಿದ್ರಲ್ಲ, ಅಲ್ಲೇ ಓದಿ. ಅಷ್ಟೇ ಗಟ್ಟಿಯಾಗಿ.”

ಹಿಟ್ಟು ಹತ್ತಿದ ಕೈಗಳಲ್ಲೇ ಹೆಂಗಸರು ಬಾಗಿಲಿಗೆ ಬಂದರು. ಭಜನೆಯ ಹಿರಿಯನೊಬ್ಬ ಕಟ್ಟೆಯಿಂದ ಎದ್ದು ನಿಂತ. ಗಢವಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಓಣಿಯ ನಡುವೆ ನಿಂತು ಓದತೊಡಗಿದ. ಮೊದಲ ಸಾಲನ್ನು ಕಾಗದದತ್ತ ಬಗ್ಗಿ ಮೆಲ್ಲಗೆ ಓದಿದ.

“ಕೇಳ್ತಿಲ್ಲ ಸಾಹೇಬ,” ಎಂದಳು ಸೂಕಿಬೆನ್.

ಅವನು ಮತ್ತೆ ಮೊದಲಿನಿಂದ ಓದಿದ.