ಮಗ್ಗದ ಮನೆಯಲ್ಲಿ ಕುಣಿದ ಮೃಗ

ಕಂಡದ್ದನ್ನು ಕಂಡ ಹಾಗೆ ಹೇಳ್ತೀನಿ. ಆಕಾಶದಿಂದ ಬಿದ್ದ ಮೃಗವೊಂದರ ಬಗ್ಗೆ ನಾವು ಮೂವರು ಗೆಳೆಯರು ಮೊಬೈಲಿನಲ್ಲೇ ಮೂರು ಭಾಗದ ಸಿನಿಮಾ ಮಾಡಿದೆವು. ಒಂದೊಂದು ಭಾಗಕ್ಕೆ ಒಬ್ಬೊಬ್ಬರು ನಿರ್ದೇಶಕರು. ಚಳ್ಳಕೆರೆಯ ಮುಚ್ಚಿದ ಎಣ್ಣೆ ಮಿಲ್ಲಿನಲ್ಲಿ ಮೊದಲನೆಯದನ್ನು ತೆಗೆದ ಓಂಕಾರಮೂರ್ತಿ, ಮೃಗದ ನೆರಳನ್ನಷ್ಟೇ ತೋರಿಸಿ ಹೆದರಿಸಿದ. ಎರಡನೆಯದರಲ್ಲಿ ಎರ್ರಿಸ್ವಾಮಿ ಅದನ್ನು ಶೇಂಗಾ ಹೊಲದ ತುಂಬ ಟ್ರ್ಯಾಕ್ಟರಿನಲ್ಲಿ ಅಟ್ಟಾಡಿಸಿದ. ನನಗೋ ಅದರ ಮೇಲೆ ಅಕ್ಕರೆ. ಮೊಳಕಾಲ್ಮೂರಿನ ನಮ್ಮ ಮಗ್ಗದ ಮನೆಯಲ್ಲಿ ಅದನ್ನು ಕುಣಿಸಬೇಕು ಅಂತ ಆಸೆಪಟ್ಟೆ.

ಮೂರರಲ್ಲೂ ಗೋಣಿಚೀಲದ ವೇಷದೊಳಗೆ ಇದ್ದವರು ಸಣ್ಣತಿಮ್ಮಪ್ಪ ಮಾವ. ಅರವತ್ತು ದಾಟಿದವರು, ಮಂಡಿನೋವು ಬೇರೆ.

"ಕುಣಿಯಾಕೆ ನನ್ನ ಕೈಲಾಗಲ್ಲಮ್ಮ, ಸುಮ್ನೆ ನಿಂತ್ಕಂತೀನಿ," ಅಂದಿದ್ದರು.

ಮಟಮಟ ಮಧ್ಯಾಹ್ನ. ಅವ್ವ ಸೀರೆ ನೇಯುತ್ತಿದ್ದಳು. ಲಾಳಿಯ ಸದ್ದಿಗೆ ಮೃಗ ಮೆಲ್ಲಗೆ ತೂಗಿತು, ಆಮೇಲೆ ಕುಣಿಯತೊಡಗಿತು. ಎಂಥಾ ಕುಣಿತ! ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಗು ತಡೆಯಲಾರದೆ ಅವ್ವ ನೇಯುವುದನ್ನೇ ಬಿಟ್ಟಳು; ಲಾಳಿಯ ಸದ್ದು ಮಾತ್ರ ನಿಲ್ಲಲಿಲ್ಲ. ಅಂಥ ಸೆಕೆಯಲ್ಲೂ ವೇಷದ ಬೆನ್ನು ಮುಟ್ಟಿದರೆ ಮಡಕೆಯ ಹಾಗೆ ತಣ್ಣಗಿತ್ತು. ಅದರ ತಲೆ ಮನೆಯ ತೊಲೆಗೆ ತಾಗುತ್ತಿತ್ತು. ಮಾವ ನನಗಿಂತ ಗಿಡ್ಡ.

ವೇಷ ಬಿಚ್ಚಿದಾಗ ಅವರ ಮುಖ ಮಗುವಿನ ಹಾಗೆ ಅರಳಿತ್ತು.

"ಏನ್ ಚೆನ್ನಾಗಿ ಕುಣಿದ್ರಿ ಮಾವ! ಮಂಡಿ ನೋಯಲಿಲ್ವಾ?" ಅಂದೆ.

"ಎಲ್ಲಿ ನೋಯ್ತೈತೆ ಕಾಂಚನಾ?" ಅಂತ ನಕ್ಕರು. "ಅಷ್ಟು ಹೊತ್ತೂ ನನ್ನ ಕಾಲು ನೆಲಕ್ಕೆ ಎಟುಕಲೇ ಇಲ್ಲ."