ಚಲನದೀಪದ ದುರಸ್ತಿ

ಚಂದ್ರಕಲಾ ಅಡುಗೆಮನೆಯಿಂದ ಹಜಾರಕ್ಕೆ ಕಾಲಿಟ್ಟ ಕೂಡಲೇ ಮೂಲೆಯ ದೀಪ ಕತ್ತು ತಿರುಗಿಸಿ ಅವಳ ದಾರಿಗೆ ಬೆಳಕು ಚೆಲ್ಲಿತು. ಕಾಫಿ ಲೋಟ ಇಟ್ಟು ಅವಳು ಅಂಗೈಯನ್ನು ನಿಧಾನವಾಗಿ ಎತ್ತಿದಳು, ಬೆಳಕು ಹೆಚ್ಚಿತು. ಇಳಿಸಿದಳು, ತಗ್ಗಿತು.

"ನೋಡಿ, ಈಗ ಎಷ್ಟು ಸಾಧುವಾಗಿದೆ!" ಎಂದ ಅವಳ ಗಂಡ ಶಿವಸ್ವಾಮಿ. "ಒಂದೊಂದು ಸಲ ಇದ್ದಕ್ಕಿದ್ದ ಹಾಗೆ ಆರಿಹೋಗುತ್ತೆ ಮೇಡಂ. ದುಡ್ಡು ಸುರಿದು ತಂದಿದ್ದು ಕತ್ತಲಲ್ಲಿ ಕೂರೋಕಾ?"

ದೂರು ವಿಚಿತ್ರವಾಗಿದ್ದುದರಿಂದ ದೀಪವನ್ನು ರೂಪಿಸಿದ ವಿಜ್ಞಾನಿ ಸತ್ಯವತಿಯೇ ಬಂದಿದ್ದಳು. ಮೈಸೂರಿನ ಮನೆಮನೆಯಲ್ಲೂ ಈಗ ಅವಳ ಚಲನದೀಪವೇ. ಗೋಡೆಯ ಸ್ವಿಚ್ಚುಗಳನ್ನು ಜನ ಮರೆತೇಬಿಟ್ಟಿದ್ದರು. ದೀಪದೊಳಗಿನ ಚಲನಗ್ರಾಹಿ ಮನೆಯವರ ಮೈಯ ಅಲುಗಾಟವನ್ನೆಲ್ಲ ಗಮನಿಸುತ್ತದೆ. ಯಾವ ಚಲನೆಯ ಬೆನ್ನಿಗೆ ಎಂಥ ಬೆಳಕು ಬೇಕಾಗುತ್ತದೆ ಎಂದು ಕಲಿಯುತ್ತದೆ. ಆಮೇಲೆ ಕೇಳುವ ಮೊದಲೇ ಕೊಡುತ್ತದೆ. ಮನುಷ್ಯರಿಗೆ ಇಷ್ಟು ಸೂಕ್ಷ್ಮವಿದ್ದಿದ್ದರೆ ಎಷ್ಟೋ ಸಂಸಾರಗಳು ನೆಟ್ಟಗಿರುತ್ತಿದ್ದವು.

ಫೋನ್ ಬಂದು ಶಿವಸ್ವಾಮಿ ಹೊರಗೆ ಹೋದ. ಸತ್ಯವತಿ ದೀಪದ ನೆನಪನ್ನು ತನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ತೆರೆದಳು. ಗೆರೆಗಳಿಂದಾದ ಎರಡು ಗೊಂಬೆಗಳು ಕಾಣಿಸಿದವು. ಒಂದರ ಕೈ ರಭಸದಿಂದ ಮೇಲೇಳುತ್ತಿತ್ತು. ಇನ್ನೊಂದು ಒಂದು ಕೈಯಲ್ಲಿ ತಲೆ ಮುಚ್ಚಿಕೊಂಡು ಕುಸಿಯುತ್ತ, ಮತ್ತೊಂದು ಅಂಗೈಯನ್ನು ಕೆಳಗಿಳಿಸುತ್ತಿತ್ತು. ದೀಪ ಆರುತ್ತಿತ್ತು. ಮತ್ತೆ ಮತ್ತೆ ಅದೇ. ಕೊನೆಕೊನೆಗೆ ಅಂಗೈ ಇಳಿಸುವ ಅಗತ್ಯವೇ ಇರಲಿಲ್ಲ; ಆ ಕೈ ಎದ್ದರೆ ಸಾಕು, ಕತ್ತಲು.

"ಇದು ಕೆಟ್ಟಿಲ್ಲ. ನೀವೇ ಕಲಿಸಿದ್ದೀರಿ," ಎಂದಳು ಸತ್ಯವತಿ. ಪರದೆಯನ್ನು ಚಂದ್ರಕಲಾ ಕಡೆ ತಿರುಗಿಸಿದಳು.

"ಹೂಂ. ಕತ್ತಲಾದ್ರೆ ಅವರ ಏಟು ಅರ್ಧಕ್ಕರ್ಧ ಗೋಡೆಗೆ ಬೀಳುತ್ತೆ. ನಾನು ಸೋಫಾ ಹಿಂದೆ ಹೋಗಿ ಕೂತ್ಬಿಡ್ತೀನಿ. ದಮ್ಮಯ್ಯ ಮೇಡಂ, ಹಾಗೇ ಬಿಟ್ಬಿಡಿ."

"ಪೊಲೀಸರಿಗೆ ಹೇಳಬಾರದಾ?"

"ಹೇಳಿದ್ದೆ. ರಾಜಿ ಮಾಡಿಸಿ ಮನೆಗೆ ಕಳಿಸಿದ್ರು."

ಸತ್ಯವತಿಯ ಮೈ ಉರಿಯಿತು. ಕಿಟಕಿಯಾಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಎದುರು ಬ್ಲಾಕಿನ ಮನೆಗಳಿದ್ದವು. ಇಷ್ಟು ಜನ ಇರುವಾಗ ಈ ಹೆಂಗಸು ಕತ್ತಲಲ್ಲಿ ಅವಿತುಕೊಳ್ಳಬೇಕೆ? ಅವಳು ದೀಪದ ಪಾಠವನ್ನು ತಿರುವುಮುರುವು ಮಾಡಿದಳು.

"ಇನ್ನು ಆ ಕೈ ಎದ್ದರೆ ದೀಪ ಪೂರ್ತಿ ಉರಿಯುತ್ತೆ. ಎದುರಿನವರೆಲ್ಲ ನೋಡ್ತಾರೆ. ನಾಲ್ಕು ಜನ ಬಂದು ಬಾಗಿಲು ಬಡಿದರೆ ಕೈ ತಾನಾಗೇ ಇಳಿಯುತ್ತೆ."

"ಬೇಡ ಮೇಡಂ, ನಿಮಗೆ ಅವರು—" ಚಂದ್ರಕಲಾ ಹೇಳುತ್ತಿದ್ದಂತೆ ಗಂಡ ಒಳಗೆ ಬಂದ. ಅವಳು ಲೋಟ ಎತ್ತಿಕೊಂಡು ಹೋದಳು.

"ಇನ್ನು ಆರಲ್ಲ," ಎಂದು ಸತ್ಯವತಿ ಅವನಿಗೆ ಭರವಸೆ ಕೊಟ್ಟಳು.

ಮುಂದಿನ ವಾರ ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಫೋನ್ ಮಾಡಿದ. "ಶಿವಸ್ವಾಮಿ ಮನೆ ದೀಪದ ಬಗ್ಗೆ ಎದುರು ಬ್ಲಾಕಿನವರ ದೂರು ಬಂದಿದೆ ಮೇಡಂ."

ಸತ್ಯವತಿಗೆ ಖುಷಿಯಿಂದ ಎದೆ ಉಬ್ಬಿತು. "ಏನು ನೋಡಿದರಂತೆ?"

"ನೋಡೋದೇನು? ಧಗ್ಗಂತ ಉರಿದು ಕಣ್ಣಿಗೆ ಚುಚ್ಚುತ್ತಂತೆ. ಎಲ್ಲರೂ ದಪ್ಪ ಪರದೆ ಹಾಕ್ಕೊಂಡಿದ್ದಾರೆ. ಬೇಗ ಸರಿ ಮಾಡಿಕೊಡಿ."

ಅವಳು ಬಿದ್ದಂಬೀಳ ಓಡಿ ಬಂದಳು. ಎದುರು ಬ್ಲಾಕಿನ ಒಂದು ಕಿಟಕಿಯೂ ತೆರೆದಿರಲಿಲ್ಲ. ಚಂದ್ರಕಲಾ ಎಡಗೈಯಿಂದ ಬಾಗಿಲು ತೆಗೆದಳು; ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಹಿಂದೆ ಹಜಾರದಲ್ಲಿ ದೀಪ ಕತ್ತು ತಿರುಗಿಸಿ ಅವಳ ಊದಿದ ಮುಖಕ್ಕೆ ಬೆಳಕು ಹಿಡಿಯಿತು.

"ಈಗ ಅವರಿಗೆ ಎಲ್ಲ ಚೆನ್ನಾಗಿ ಕಾಣುತ್ತೆ ಮೇಡಂ," ಎಂದಳು.