ಬೆಳ್ಳಗಾದ ಬಣ್ಣಗಾರರು

ಹೇಳಿ ನೋಡೋಣ, ನಿನ್ನೆ ರಾತ್ರಿಯವರೆಗೆ ಜನರಿಂದ ಗಿಜಿಗುಡುತ್ತಿದ್ದ ಒಂದು ಕೇರಿ ಬೆಳಗಾಗುವಷ್ಟರಲ್ಲಿ ಬರಿದಾಗಿ, ಪ್ರತಿ ಮನೆಯ ಹೊಸ್ತಿಲ ಮೇಲೂ ಬಿಳಿ ಬೆಕ್ಕುಗಳು ಕೂತಿದ್ದವು ಅಂದರೆ ಅಲ್ಲಿ ಏನಾಗಿರಬೇಕು? ಊರು ಬಿಟ್ಟು ಓಡಿಹೋದರೇ? ಅಲ್ಲ. ಬೇನೆ ಬಂತೇ? ಅದೂ ಅಲ್ಲ. ಸೋತಿರಾ? ಹಾಗಾದರೆ ಕೇಳಿ.

ಬಹಳ ಹಿಂದೆ ಚಿತ್ತಾರಪುರವೆಂಬ ರಾಜ್ಯದಲ್ಲಿ ಬಣ್ಣಗಾರರ ಕೇರಿಯೊಂದಿತ್ತು. ಬಟ್ಟೆಗೆ ನೀಲಿ ಹಾಕಿ ಹಾಕಿ ಅವರೆಲ್ಲರ ಕೈ ಮೊಣಕೈವರೆಗೂ ನೀಲಿ. ಎಷ್ಟು ತಿಕ್ಕಿದರೂ ಹೋಗದು. ಸಂತೆಯಲ್ಲಿ ಜನ ಅವರ ಕೈ ನೋಡಿ ನಗುತ್ತಿದ್ದರು. ಆ ಕೇರಿಯ ಪುಟ್ಟೀರಿ ಎಂಬುವಳಿಗೆ ಅದೇನೂ ಲೆಕ್ಕವಿರಲಿಲ್ಲ. ಅವಳ ತಮ್ಮ ಮರುಳಪ್ಪನಿಗೆ ಮಾತ್ರ ಅದೇ ಕೊರಗು. ಅಪ್ಪ ಅಮ್ಮ ಸತ್ತ ಮೇಲೆ ಅವಳೇ ತುತ್ತಿಟ್ಟು ಬೆಳೆಸಿದ ಹುಡುಗ, ಈಗ ಮೀಸೆ ಮೂಡಿತ್ತು, ಹೆಣ್ಣು ನೋಡಲು ಹೋದಲ್ಲೆಲ್ಲ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಕೂರುತ್ತಿದ್ದ.

ಇಂಥ ಕೇರಿಗೆ ಒಂದು ಸಂಜೆ ಧವಳಮಲ್ಲನೆಂಬ ಮಾಂತ್ರಿಕ ಬಂದ. ಅವನ ತೋಳಿನ ಮೇಲೊಂದು ಬಿಳಿ ಬೆಕ್ಕು. ಅದರ ಚೆಲುವನ್ನು ಏನಂತ ಹೇಳುವುದು! ಈಗ ತಾನೇ ಹಿಂಜಿದ ಅರಳೆಯಂಥ ಮೈ, ಗುಲಾಬಿ ಮೂಗು, ಬೇಸಿಗೆಯ ಆಕಾಶದ ಎರಡು ಚೂರು ತಂದಿಟ್ಟಂಥ ಕಣ್ಣು. ಮನೆಮನೆಯವರೂ ಅದನ್ನು ಸವರಿದರು. ಸವರಿದವರೆಲ್ಲ, ಹೇಳಿಕೊಟ್ಟಂತೆ, ಒಂದೇ ಮಾತಾಡಿದರು: “ನನ್ನ ಕೈಯೂ ಹೀಗೆ ಬೆಳ್ಳಗಿದ್ದಿದ್ದರೆ!”

ಮಾಂತ್ರಿಕ ಕಾದಿದ್ದದ್ದು ಆ ಮಾತಿಗೇ. ಬೆಳಗಾದಾಗ ಎಲ್ಲರೂ ಬೆಳ್ಳಗಾಗಿದ್ದರು, ಕೈಯಷ್ಟೇ ಅಲ್ಲ, ಮೂತಿಯಿಂದ ಬಾಲದವರೆಗೆ. ಅವನು ಸೀಟಿ ಹೊಡೆಯಲಿಲ್ಲ, ಕರೆಯಲಿಲ್ಲ. ಹಾಲಿನ ಬಟ್ಟಲು ತೋರಿಸಿ ಎಲ್ಲರನ್ನೂ ಸುಣ್ಣದ ಗುಡ್ಡದ ಮೇಲಿನ ತನ್ನ ಕೋಟೆಗೆ ಕರೆದೊಯ್ದ.

ಪುಟ್ಟೀರಿ ಆ ಸಂಜೆ ಹೊಳೆಯಲ್ಲಿ ಬಟ್ಟೆ ಜಾಲಿಸುತ್ತ ರಾತ್ರಿ ಅಲ್ಲೇ ತಂಗಿದ್ದಳು, ಅದರಿಂದ ಉಳಿದಳು. ಬೆಳಗ್ಗೆ ಬಂದು ಬರಿದಾದ ಮನೆಯನ್ನೂ ಗುಡ್ಡದತ್ತ ಹೋದ ಬೆಕ್ಕಿನ ಹೆಜ್ಜೆಗಳನ್ನೂ ನೋಡಿ ಎದೆ ಬಡಿದುಕೊಂಡು ಗುಡ್ಡ ಹತ್ತಿದಳು.

ಬಾಗಿಲಲ್ಲಿ ಧವಳಮಲ್ಲ ನಕ್ಕ. “ಏನಮ್ಮಾ, ನೀಲಿ ಕೈಯವಳೇ! ಮೊದಲು ಆ ಕೈಗೆ ಬಿಳಿ ಬಟ್ಟೆ ಸುತ್ತಿಕೋ, ನನ್ನ ಕಣ್ಣು ನೋಯುತ್ತೆ.”

“ನನ್ನ ತಮ್ಮನ್ನ ಕೊಡು.”

“ಕೊಡೋಣಂತೆ. ಈ ಬೆಕ್ಕುಗಳಲ್ಲಿ ಅವನೂ ಒಬ್ಬ, ದಿನಕ್ಕೊಂದರಂತೆ ಮೂರು ಸಲ ಆರಿಸು. ನೀನು ಆರಿಸಿದ್ದನ್ನ ಸೂರ್ಯ ಮುಳುಗೋವರೆಗೂ ನಾನು ಮುಟ್ಟಲ್ಲ. ತಪ್ಪಿದರೆ ಒಂದೊಂದು ಸಲಕ್ಕೂ ನಿನ್ನದೊಂದು ನನಗೆ. ಮೂರನೇ ಸಲ ತಪ್ಪಿದರೆ ನೀನೇ ನನಗೆ.”

ಅಂಗಳದ ತುಂಬ ಬೆಕ್ಕುಗಳು. ಎಲ್ಲವೂ ಬಿಳಿ. “ಮರುಳಾ! ಲೇ ಮರುಳಪ್ಪಾ!” ಎಂದು ಕೂಗಿದಳು. ಗಂಟಲು ಹರಿಯುವಂತೆ ಕೂಗಿದಳು. ನೀಲಿ ಕಣ್ಣಿನವು ಒಂದೂ ಕಿವಿ ಅಲುಗಿಸಲಿಲ್ಲ. ನೀಲಿ ಕಣ್ಣಿನ ಬಿಳಿ ಬೆಕ್ಕು ಎಷ್ಟೋ ಸಲ ಹುಟ್ಟುಕಿವುಡು ನೋಡಿ. ಮೈಗೆ ಬಣ್ಣ ಬರದಂತೆ ತಡೆಯುವ ಗುಣವೇ ಕಿವಿಯ ಒಳಗನ್ನೂ ಬರಿದು ಮಾಡಿಬಿಡುತ್ತದೆ. ಪಾಪ, ಅವಳಿಗೇನು ಗೊತ್ತು? ಹಳದಿ ಕಣ್ಣಿನದೊಂದು ಮಾತ್ರ ತಿರುಗಿ ನೋಡಿತು. ಓಡಿಹೋಗಿ ಎತ್ತಿಕೊಂಡಳು.

“ಅಯ್ಯೋ, ಅದು ನಿಮ್ಮ ಪಕ್ಕದ ಮನೆ ಚೌಡವ್ವ!” ಎಂದು ಮಾಂತ್ರಿಕ ಚಪ್ಪಾಳೆ ತಟ್ಟಿದ. ಪಣದಂತೆ ಪುಟ್ಟೀರಿಯ ದನಿ ಹೋಯಿತು.

ಮರುದಿನ ಅವಳು ಒಂದೊಂದರ ಮುಖವನ್ನೂ ಹಿಡಿದು ನೋಡಿದಳು. ಒಂದು ಕಣ್ಣು ನೀಲಿ, ಒಂದು ಕಣ್ಣು ಹಳದಿಯ ಬೆಕ್ಕೊಂದು ತಲೆ ವಾಲಿಸಿ ಅವಳನ್ನೇ ನೋಡುತ್ತಿತ್ತು. ಮರುಳಪ್ಪ ಬೈಸಿಕೊಳ್ಳುವಾಗ ಹಾಗೇ ತಲೆ ವಾಲಿಸುತ್ತಿದ್ದ! ಎದೆಗೆ ಅವುಚಿಕೊಂಡಳು.

“ಇದೂ ಅವನಲ್ಲ! ನೀಲಿ ಕಣ್ಣಿನ ಕಡೆಯ ಕಿವಿ ಕೇಳಿಸೋದಿಲ್ಲ ಕಣೇ ಅದಕ್ಕೆ, ಕೇಳೋ ಕಿವಿಯನ್ನ ಈ ಕಡೆ ಕೊಡ್ತಿದೆ ಅಷ್ಟೆ,” ಎಂದ ಮಾಂತ್ರಿಕ. ಖುಷಿಯಲ್ಲಿ ಅವನ ಬಾಯಿ ಸಡಿಲವಾಯಿತು. “ಈ ಕೋಟೆಯೊಳಗೆ ಬಣ್ಣದ ಜೀವವೊಂದು ಹುಟ್ಟಿದ ದಿನ ನನ್ನ ಮಂತ್ರ ಮುಗೀತು. ಎಲ್ಲಿಂದ ಹುಟ್ಟೀತು? ಬಿಳಿಗೆ ಬಿಳಿಯೇ ತಾನೆ!”

ಅವಳ ಕಣ್ಣಿನಿಂದ ಬಣ್ಣಗಳು ಹೋದವು. ಆಕಾಶ ಬೂದಿಯಾಯಿತು. ಸುತ್ತಿದ ಬಟ್ಟೆ ಸರಿಸಿ ಕೈ ನೋಡಿಕೊಂಡಳು, ಅದೂ ಬೂದಿ. ತಮ್ಮನ ಕೈ ಯಾವ ಬಣ್ಣವಿತ್ತೆಂದು ನೆನೆಸಿಕೊಳ್ಳಲು ಹೋದಳು, ನೆನಪಿನಲ್ಲೂ ಬೂದಿಯೇ ಸಿಕ್ಕಿತು. ಹೆತ್ತವರಿಗಿಂತ ಹೆಚ್ಚಾಗಿ ಸಾಕಿದೆನೆಂದು ಹೇಳಿಕೊಳ್ಳುತ್ತಿದ್ದವಳಿಗೆ ಎದುರಿಗಿದ್ದ ತಮ್ಮನ ಗುರುತು ಹತ್ತಲಿಲ್ಲ. ಅಳಲು ಬಾಯಿ ತೆರೆದಳು, ದನಿ ಇಲ್ಲದ ಅಳು ಅವಳಿಗೇ ಕೇಳಿಸಲಿಲ್ಲ. ಊಟ ಬೇಡವಾಯಿತು. ಇನ್ನು ಹುಡುಕುವುದೂ ಬೇಡವೆನ್ನಿಸಿತು.

ಮೂರನೆಯ ದಿನ ಅವಳು ಎದ್ದೇ ಇರಲಿಲ್ಲ. ಮೂಲೆಯಲ್ಲಿ ಒಂದು ತುಂಬು ಬಸುರಿ ಬೆಕ್ಕು ಕೋಟೆ ಹಾರಿಹೋಗುವಂತೆ ಕಿರುಚುತ್ತಿತ್ತು. ಕಿವುಡು ಬೆಕ್ಕಿನ ಕೂಗೇ ಹಾಗೆ, ತನ್ನ ದನಿ ತನಗೆ ಕೇಳಿಸದು. ಧವಳಮಲ್ಲ ಅಂದು ಕೇರಿಗೆ ಹೊತ್ತು ತಂದಿದ್ದ ಬೆಕ್ಕೇ ಅದು, ಮಂತ್ರದಿಂದ ಆದದ್ದಲ್ಲ, ಹುಟ್ಟಿನಿಂದಲೇ ಬೆಕ್ಕು.

“ಥೂ ಶನಿ, ಇದರ ಗಲಾಟೆಗೆ ಒಂದು ಮಂತ್ರ ನೆಟ್ಟಗೆ ಬಾಯಿಗೆ ಬರಲ್ಲ,” ಎಂದು ಅವನು ಅದರ ಕತ್ತಿನ ಚರ್ಮ ಹಿಡಿದು ಕಮರಿಯ ಕಡೆ ಹೊರಟ.

ಪುಟ್ಟೀರಿ ಎದ್ದಳು. ಇದು ತಮ್ಮನಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾನು ಹೇಗೂ ಮುಳುಗಿದವಳು, ಇದಾದರೂ ಬದುಕಲಿ ಎಂದು ಅಡ್ಡ ನಿಂತು ಎರಡೂ ಕೈ ಚಾಚಿದಳು.

“ಇದನ್ನ ಆರಿಸ್ತೀಯಾ? ಹುಚ್ಚೀ, ತಮ್ಮ ಬಸುರಾಗ್ತಾನೇನೇ?” ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ. “ತಗೋ! ಸೂರ್ಯ ಮುಳುಗಲಿ, ಆಮೇಲೆ ಇಬ್ಬರನ್ನೂ ನೋಡ್ಕೋತೀನಿ.”

ಅವಳು ಕೈಯ ಬಟ್ಟೆ ಬಿಚ್ಚಿ ಹಾಸಿ ಅದನ್ನು ಮಲಗಿಸಿದಳು. ಹೊಟ್ಟೆ ಸವರುತ್ತ ಕೂತಳು. ಹೊತ್ತು ಇಳಿಯಿತು. ಮೊದಲ ಮರಿ ಬಿಳಿ, ನೆತ್ತಿಯ ಮೇಲೆ ಮಾತ್ರ ಮಸಿ ಬೆರಳಿಟ್ಟಷ್ಟು ಮಚ್ಚೆ. ಎರಡನೆಯದು ಇದ್ದಿಲಿನಷ್ಟು ಕಪ್ಪು!

ಧವಳಮಲ್ಲನ ನಗು ನಿಂತಿತು. “ಅಪ್ಪನೂ ಬಿಳಿ, ಅಮ್ಮನೂ ಬಿಳಿ! ನಾನೇ ಜೊತೆ ಮಾಡಿದ್ದೆ! ಇದೆಲ್ಲಿಂದ ಬಂತು?”

ಎಲ್ಲಿಂದಲೋ ಬರಬೇಕೆ? ಬೆಕ್ಕಿಗೆ ಬಿಳಿಯೆನ್ನುವುದು ಬಣ್ಣವಲ್ಲ, ಹೊದಿಕೆ. ಒಳಗೆ ಕಪ್ಪೋ ಕಂದೋ ಪಟ್ಟೆಯೋ ಮಲಗಿಯೇ ಇರುತ್ತದೆ. ತಂದೆ ತಾಯಿ ಇಬ್ಬರೂ ಹೊದಿಕೆ ಕೊಡದೆ ಬಿಟ್ಟ ಮರಿ ತನ್ನ ಬಣ್ಣದಲ್ಲೇ ಹುಟ್ಟುತ್ತದೆ. ಅಷ್ಟು ಮಂತ್ರ ಕಲಿತವನು ಬೆಕ್ಕನ್ನು ಕಲಿತಿರಲಿಲ್ಲ.

ಕರಿ ಮರಿ ಬಾಯಿ ತೆರೆದು “ಮಿಯಾಂ” ಅಂದಿತು. ಕೋಟೆ ಸುಣ್ಣದ ಪುಡಿಯಾಗಿ ಉದುರಿತು. ಮಾಂತ್ರಿಕನೂ ಅದರೊಂದಿಗೆ ಪುಡಿಯಾಗಿ ಗಾಳಿಗೆ ಹಾರಿಹೋದ. ಅಂಗಳದ ತುಂಬ ಮನುಷ್ಯರು ಕೆಮ್ಮುತ್ತ, ಮೈ ಕೊಡವುತ್ತ ಎದ್ದರು, ಎಲ್ಲರ ಕೈಯೂ ನೀಲಿ! ಪುಟ್ಟೀರಿಗೆ ಆ ನೀಲಿ ಕಂಡಿತು. ದನಿಯೂ ಬಂತು. “ಮರುಳಾ!” ಎಂದಳು.

“ಏನಕ್ಕಾ?” ಎನ್ನುತ್ತ ಕಣ್ಣುಜ್ಜಿಕೊಂಡು ಬಂದ ಮರುಳಪ್ಪ. “ಯಾಕೆ ಹಿಂಗೆ ಬಡಕಲಾಗಿದೀಯ? ಒಂದು ಸಲ ಕರೀಬಾರದಿತ್ತಾ?”

“ಕರೆದೆ ಕಣೋ, ಹಾಳಾದವನೇ!” ಎಂದು ಅವನ ಬೆನ್ನಿಗೊಂದು ಗುದ್ದಿ, ಅಲ್ಲೇ ಅವನ ಹೆಗಲ ಮೇಲೆ ಒರಗಿ ಅತ್ತಳು. ಈ ಸಲದ ಅಳು ಗುಡ್ಡದ ಕೆಳಗಿನವರಿಗೂ ಕೇಳಿಸಿತು.

ಆ ತಾಯಿ ಬೆಕ್ಕನ್ನೂ ಮರಿಗಳನ್ನೂ ಹೊತ್ತುಕೊಂಡು ಕೇರಿಯವರೆಲ್ಲ ಮನೆಗೆ ಬಂದು, ಉಂಡು, ನೂರು ಕಾಲ ನಗುನಗುತ್ತ ಬಾಳಿದರು. ಆ ಕೋಟೆ ಉದುರಿದ್ದು ಚಿತ್ರಭಾನು ಸಂವತ್ಸರದ ಆಷಾಢ ಬಹುಳ ತದಿಗೆ, ಮಂಗಳವಾರ.